ದೊಡ್ಡಿಯ ಚೀಟಿ

ಅಂದು ಬೆಳಿಗ್ಗೆ ತಂಬ್ರಹಳ್ಳಿಯ ಮೇಲೆ ಮೋಡ ಕವಿದಿತ್ತು. ಮಳೆಯಿಲ್ಲ, ಬರೀ ಗಾಳಿ. ಊರಾಚೆ ಗಾಳೆಮ್ಮನ ಮೂವತ್ತೊಂದು ಕುರಿಗಳನ್ನು ಹೂಳಿ ಮೇಲೆ ಹಾಕಿದ್ದ ಸುಣ್ಣವನ್ನು ಆ ಗಾಳಿ ಎಬ್ಬಿಸುತ್ತಿತ್ತು.

ಸಂತೆಯಲ್ಲಿ ಕೊಂಡ ಕುರಿಯನ್ನು ಹದಿನೈದು ದಿನ ಕುರಿಗಾರರ ಸಂಘದ ದೊಡ್ಡಿಯಲ್ಲಿ ಬೇರೆ ಇಟ್ಟು, ರೋಗವಿಲ್ಲವೆಂದು ಕಂಡ ಮೇಲೆಯೇ ಹಿಂಡಿಗೆ ಬಿಡುವುದು ಅಲ್ಲಿಯವರ ಕಟ್ಟಳೆ. ದೊಡ್ಡಿ ಕಾಯುವ ಅಜ್ಜಯ್ಯ ಪ್ರತಿ ಕುರಿಗೊಂದು ಉಣ್ಣೆದಾರ ಇಟ್ಟುಕೊಂಡು, ದಿನಾ ಸಂಜೆ ಮೈಲಾರಲಿಂಗನನ್ನು ನೆನೆದು ಒಂದೊಂದು ಗಂಟು ಹಾಕುತ್ತಿದ್ದ. ಈ ಜುಲೈ ಒಂದಕ್ಕೆ ಸಂಘಕ್ಕೆ ಯಂತ್ರ ಬಂತು. ಬಟನ್ ಒತ್ತಿದರೆ ಅಂದಿನ ತಾರೀಖಿನ ಚೀಟಿ. ಕುರಿಯ ಕೊರಳಿಗೆ ಕಟ್ಟಿದರಾಯಿತು. ಅಜ್ಜಯ್ಯ ದಾರ ಬಿಟ್ಟ.

ಜುಲೈ ಒಂದರ ಚೀಟಿ ನೋಡಿ ಅವನು ಹದಿನಾರಕ್ಕೆ ಹೊರಗೆ ಬಿಟ್ಟ ಟಗರೊಂದು ಗಾಳೆಮ್ಮನ ಹಿಂಡಿಗೆ ಸಿಡುಬು ತಂದಿತು. ಆ ಟಗರು ಕೊಂಡದ್ದು ಹನ್ನೊಂದಕ್ಕೆ ಎಂದು ಸಂತೆಯ ರಸೀದಿ ಹೇಳಿತು.

"ಮೊದಲ ದಿನ ಬಂದ ಕುರಿ ಚೀಟಿ ಬಿಚ್ಚಿ ಇದಕ ಕಟ್ಟೀಯಲೇ ಮುದುಕಾ. ಯಂತ್ರ ಸುಳ್ಳು ಹೇಳ್ತತೇನು?" ಸಂಘದ ಅಧ್ಯಕ್ಷ ಪಾಲಾಕ್ಷಪ್ಪ ದೊಡ್ಡಿಯ ಬೀಗದ ಕೈ ಕಿತ್ತುಕೊಂಡಿದ್ದ. ಊರಲ್ಲಿ ಅಜ್ಜಯ್ಯನಿಗೆ ಮೋಸಗಾರನೆಂಬ ಹೆಸರು ಬಂತು.

ಯಂತ್ರಕ್ಕೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದಿದ್ದವಳು ಹಗರಿಬೊಮ್ಮನಹಳ್ಳಿಯ ಬೆನಕಪ್ಪನ ಎಲೆಕ್ಟ್ರಾನಿಕ್ಸ್ ಅಂಗಡಿಯ ವಾಣಿಶ್ರೀ. ಸುದ್ದಿ ಕೇಳಿ ಅವಳು ತಾನು ಬರೆದುದನ್ನು ತೆರೆದು ನೋಡಿದಳು. ತಾರೀಖಿನ ಜಾಗದಲ್ಲಿ __DATE__ ಎಂಬ ಸಿದ್ಧ ಮ್ಯಾಕ್ರೋ ಕೂತಿತ್ತು. ಪ್ರೋಗ್ರಾಂ ಕಂಪೈಲ್ ಆದ ದಿನವನ್ನು ಅದು ಅಕ್ಷರಗಳಾಗಿ ಒಳಗೆ ಕೆತ್ತಿಬಿಡುತ್ತದೆ. ಆಮೇಲೆ ಎಷ್ಟು ಬಾರಿ ಹೊತ್ತು ಮೂಡಿ ಮುಳುಗಿದರೂ ಅದೇ ದಿನ. ಕಂಪೈಲ್ ಮಾಡಿದ ದಿನವೇ ಪರೀಕ್ಷಿಸಿದ್ದರಿಂದ ಅವಳಿಗೆ ಸರಿಯಾಗಿಯೇ ಕಂಡಿತ್ತು.

"ಸುಮ್ನಿರವ್ವ," ಎಂದ ಬೆನಕಪ್ಪ. "ಒಳಗೇನೈತಿ ಅಂತ ಯಾರಿಗೆ ಗೊತ್ತು? ರಿಪೇರಿ ಅಂತ ಹೇಳಿ ಸರಿ ಮಾಡಿ ಬಾ."

"ಆ ಅಜ್ಜನ ಮುಖ ಹೆಂಗ ನೋಡ್ಲಿರಿ?"

ಅವಳು ತಂಬ್ರಹಳ್ಳಿಯ ಬಸ್ಸು ಹತ್ತಿದಳು. ಸಂಘದ ಕಟ್ಟೆಯಲ್ಲಿ ಜನ ಸೇರಿದ್ದರು. ಅಜ್ಜಯ್ಯ ಕೆಳಗೆ, ನೆಲದ ಮೇಲೆ ಕೂತಿದ್ದ. ವಾಣಿಶ್ರೀ ಯಂತ್ರವನ್ನು ಗಾಳೆಮ್ಮನ ಮುಂದಿಟ್ಟಳು.

"ಒತ್ರಿ ಅಮ್ಮಾ. ಇವತ್ತು ಆಗಸ್ಟ್ ಎರಡು."

ಗಾಳೆಮ್ಮ ಒತ್ತಿದಳು. ಚೀಟಿಯಲ್ಲಿ ಜುಲೈ ಒಂದು. ಮತ್ತೆ ಒತ್ತಿದಳು. ಜುಲೈ ಒಂದು.

"ಅಜ್ಜ ಚೀಟಿ ಬದಲಿಸಿಲ್ರಿ. ಯಂತ್ರದ ಪ್ರೋಗ್ರಾಂ ಬರ್ದಾಕಿ ನಾನು. ತಪ್ಪು ನಂದು."

ಗಾಳೆಮ್ಮ ಚೀಟಿಗಳನ್ನು ಮುಷ್ಟಿಯಲ್ಲಿ ಹಿಸುಕಿದಳು. "ಮೂವತ್ತೊಂದು, ತಾಯೀ. ಒಂದೊಂದಕ್ಕೂ ಹೆಸರಿಟ್ಟು ಕರೀತಿದ್ದೆ."



"ಟಗರಿನ ಕಣ್ಣಾಗ ನೀರು ಸುರೀತಿತ್ತು, ನಾ ನೋಡೀನಿ," ಅಜ್ಜಯ್ಯ ನಿಧಾನವಾಗಿ ಹೇಳಿದ. "ಕಟ್ಟುವಾಗ ತಾರೀಖು ನೋಡ್ಲಿಲ್ಲ, ಬಿಡುವಾಗ ಚೀಟಿ ಐತಲ್ಲ ಅಂತ ಬಿಟ್ಟೆ. ಅದು ನನ್ನ ಪಾಲು, ಗಾಳೆಮ್ಮ."

ಪಾಲಾಕ್ಷಪ್ಪ ಕಟ್ಟೆಯಿಂದ ಇಳಿದ. ಅಂಗಿಯ ಜೇಬಿನಿಂದ ಬೀಗದ ಕೈ ತೆಗೆದು, ನೆಲದಲ್ಲಿ ಕೂತಿದ್ದ ಅಜ್ಜಯ್ಯನ ಎದುರು ತಾನೂ ಕುಕ್ಕರಗಾಲಲ್ಲಿ ಕೂತು, ಅವನ ಅಂಗೈಯಲ್ಲಿ ಇಟ್ಟ.