ಮೊದಲು ಹೇಳಬೇಕಾದವರು

ಕೈ ಸುಟ್ಟದ್ದು ಡಾಕ್ಟರ್ ಮಧುಕೇಶ್ವರರಿಗೆ ಗೊತ್ತಾಗಲಿಲ್ಲ. ಅದನ್ನು ಕಂಡವನು ಕಾಂಪೌಂಡರ್ ಹನುಮಂತಪ್ಪ.

1957ರ ದೀಪಾವಳಿ ಕಳೆದು ಹದಿನೈದು ದಿನವಾಗಿತ್ತು. ಶಿಕಾರಿಪುರದ ಪೇಟೆಬೀದಿಯ ತಮ್ಮ ಷಾಪಿನಲ್ಲಿ ಡಾಕ್ಟರು ಒಬ್ಬ ಮುದುಕನ ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ಕೇಳುತ್ತಿದ್ದರು. ಸಿರಿಂಜು ಕುದಿಸಿದ ತಟ್ಟೆ ಆಗಷ್ಟೇ ಸ್ಟೌವಿನಿಂದ ಇಳಿದು ಮೇಜಿನ ಮೇಲಿತ್ತು. ಅವರ ಎಡಗೈ ಅದಕ್ಕೆ ಒರಗಿಕೊಂಡಿತ್ತು.

"ಡಾಕ್ಟ್ರೇ, ಕೈ ತೆಗೀರಿ. ತಟ್ಟೆಗೆ ತಾಗೇತಿ," ಎಂದ ಹನುಮಂತಪ್ಪ.

ತೆಗೆದು ನೋಡಿದರೆ ಮೊಣಕೈಯ ಕೆಳಗೆ ಚರ್ಮ ಬೊಬ್ಬೆ ಎದ್ದಿತ್ತು.

"ಉರೀಲಿಲ್ಲೇನ್ರಿ?"

"ಅಜ್ಜನ ಎದೆ ಕಡೆ ಗಮನ ಇತ್ತಪ್ಪ," ಎಂದರು ಡಾಕ್ಟರು.

ಮಧ್ಯಾಹ್ನ ಹನುಮಂತಪ್ಪ ಊಟಕ್ಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು, ಹತ್ತಿಯ ಎಳೆಯೊಂದನ್ನು ಹೊಸೆದು, ಕಣ್ಣು ಮುಚ್ಚಿ ಕೈಮೇಲೆ ಆಡಿಸಿದರು. ಮಣಿಕಟ್ಟಿನಿಂದ ಮೇಲೆ ಬರುತ್ತ ಬರುತ್ತ ಒಂದು ಕಡೆ ಹತ್ತಿ ಮಾಯವಾಯಿತು. ಮೂರು ಬೆರಳಗಲದ ಜಾಗ ದಾಟಿ ಮತ್ತೆ ಸಿಕ್ಕಿತು. ಬೇಸಿಗೆಯಲ್ಲಿ ಅಲ್ಲಿ ಬಣ್ಣ ಸ್ವಲ್ಪ ಮಾಸಿದ್ದನ್ನು ಕಂಡು ಸಿಬ್ಬು ಅಂದುಕೊಂಡಿದ್ದರು. ಈಗ ಮೊಣಕೈಯ ಹಿಂದಿನ ನರವನ್ನು ಬೆರಳಲ್ಲಿ ಒತ್ತಿದರೆ ಸಣಬಿನ ಹುರಿಯಷ್ಟು ದಪ್ಪ ಸಿಕ್ಕಿತು. ಇನ್ನೊಬ್ಬ ಡಾಕ್ಟರನ್ನು ಕೇಳುವ ಅಗತ್ಯವಿರಲಿಲ್ಲ. ಈ ಸೀಮೆಯಲ್ಲಿ ಈ ರೋಗವನ್ನು ಅವರಷ್ಟು ನೋಡಿದವರು ಯಾರೂ ಇರಲಿಲ್ಲ.

ಆರು ವರ್ಷದಿಂದ ಪ್ರತಿ ಗುರುವಾರ ಅವರು ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬಕ್ಕೆ ಹೋಗಿ ಕುಷ್ಠರೋಗಿಗಳನ್ನು ನೋಡುತ್ತಿದ್ದರು. ಬಾಡಿಗೆಗೆ ಯಾರೂ ಜಾಗ ಕೊಡದಿದ್ದಾಗ, ತಗಡಿನ ಟ್ರಂಕು ಮಾಡುವ ಗುಲಾಬ್ ಸಾಬ್ ತನ್ನ ಅಂಗಡಿಯ ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದ. ಅವನ ಹೆಂಡತಿ ಸರ್ವರ್ ಬೀ ಡಾಕ್ಟರ ಮೊದಲ ರೋಗಿ, ಈಗ ಗುಣವಾಗಿದ್ದಳು. ಬರುವವರೆಲ್ಲ ಕೈಯಲ್ಲಿ ಒಂದು ತೂತುಬಿದ್ದ ಬಕೀಟೋ ಕೊಡವೋ ಹಿಡಿದು ಬರುತ್ತಿದ್ದರು. ಅದು ಗುಲಾಬ್ ಸಾಬನ ಉಪಾಯ. "ಒಡಕು ಕೊಡ ತಂದವ್ರನ್ನ ಯಾರೂ ಏನೂ ಕೇಳಲ್ಲ ಡಾಕ್ಟರ್ ಸಾಬ್," ಎನ್ನುತ್ತಿದ್ದ. ಡಾಕ್ಟರಿಗೆ ಅದು ಇಷ್ಟವಿರಲಿಲ್ಲ. "ಮುಚ್ಚಿಡಬೇಡಿ. ಮುಚ್ಚಿಟ್ಟಷ್ಟೂ ಬೆಳೆಯುತ್ತೆ. ಇದು ಅಂಟೋ ರೋಗ ಅಲ್ಲ, ಪಾಪದ ಫಲವೂ ಅಲ್ಲ," ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದರು.

ಅವರ ಮಗಳು ಸತ್ಯವತಿಗೆ ಇಪ್ಪತ್ತು ವರ್ಷ. ಎಸ್ಸೆಸ್ಸೆಲ್ಸಿ ಪಾಸಾಗಿತ್ತು. ಆನವಟ್ಟಿಯ ಗಣಪಯ್ಯನವರ ಮಗ, ಸಾಗರದಲ್ಲಿ ಓವರ್‌ಸಿಯರ್ ಆಗಿದ್ದವನು, ಬಂದು ನೋಡಿ ಒಪ್ಪಿ ಹೋಗಿದ್ದ. ನಿಶ್ಚಿತಾರ್ಥಕ್ಕೆ ಇಪ್ಪತ್ತು ದಿನ ಉಳಿದಿತ್ತು.

ಆ ಇಪ್ಪತ್ತು ದಿನಗಳಲ್ಲಿ ಡಾಕ್ಟರು ಕೂತಲ್ಲಿ ಕೂರಲಿಲ್ಲ. ಷಾಪಿನಿಂದ ಮನೆಗೆ, ಮನೆಯಿಂದ ಕೆರೆ ಏರಿಗೆ, ಅಲ್ಲಿಂದ ಹೆಣ್ಣುಮಕ್ಕಳ ಶಾಲೆಯ ಕಟ್ಟಡ ಏಳುತ್ತಿದ್ದ ಜಾಗಕ್ಕೆ. ಆ ಕಟ್ಟಡ ಸಮಿತಿಗೆ ಅವರೇ ಕಾರ್ಯದರ್ಶಿ. ಗಾರೆಯವರ ಹತ್ತಿರ ಎರಡು ಮಾತಾಡಿ, ಮೂರನೆಯ ಮಾತು ಮರೆತು ಹೊರಟುಬಿಡುತ್ತಿದ್ದರು. ಉದ್ದತೋಳಿನ ಷರ್ಟು ಹಾಕತೊಡಗಿದರು. ರೋಗಿಗಳಿಗೆ ತರಿಸಿದ್ದ ಡಿ.ಡಿ.ಎಸ್. ಗುಳಿಗೆಯನ್ನೇ ತಾವೂ ನುಂಗತೊಡಗಿದರು. ಒಂದು ಬೆಳಿಗ್ಗೆ ಮಗಳನ್ನು ಕಿಟಕಿಯ ಹತ್ತಿರ ಕರೆದು, "ರಕ್ತ ಕಡಿಮೆ ಇದೆಯಾ ನೋಡ್ತೀನಿ," ಎಂದು ಅವಳ ಕೈ, ಕುತ್ತಿಗೆ, ಕಿವಿ ಎಲ್ಲ ಹೊರಳಿಸಿ ನೋಡಿದರು. ಏನೂ ಇರಲಿಲ್ಲ. ಅವಳು ನಗುತ್ತ ಕೈ ಕೊಟ್ಟು ನಿಂತಿದ್ದಳು.

ಗುಳಿಗೆ ಹೆಂಡತಿ ವಾಗ್ದೇವಿಯ ಕಣ್ಣಿಗೆ ಬಿತ್ತು. ಅವಳ ಹತ್ತಿರ ಅವರು ಸುಳ್ಳು ಹೇಳಲಿಲ್ಲ. ಅವಳು ತೋಳು ಮಡಿಸಿ ಆ ಜಾಗ ನೋಡಿದಳು, ಮುಟ್ಟಿ ನೋಡಿದಳು. ಅತ್ತು ಮುಗಿಸಿ ಕೇಳಿದಳು: "ಇದು ನಮಗೆ ಅಂಟುತ್ತಾ?"

"ನನಗೆ ಬಂದಿರೋ ಬಗೆ ಅಂಟೋದಿಲ್ಲ."

"ಔಷಧಿಗೆ ಹೋಗುತ್ತಾ?"

"ಎರಡು ಮೂರು ವರ್ಷ ಬೇಕು. ಹೋಗುತ್ತೆ."

"ಹಾಗಾದ್ರೆ ಯಾರಿಗೂ ಹೇಳೋದು ಬೇಡ. ಮದುವೆ ಆಗಲಿ. ಆಮೇಲೆ ಬೇಕಾದ್ರೆ ಊರಿಗೆಲ್ಲ ಡಂಗುರ ಹೊಡೀರಿ."

"ಮುಚ್ಚಿಟ್ಟು ಮದುವೆ ಮಾಡೋದು ಮೋಸ ಅಲ್ವೇನೇ?"

"ಅಂಟದೇ ಇರೋದನ್ನ ಹೇಳದೇ ಇದ್ರೆ ಯಾರಿಗೆ ಮೋಸ ಆಯ್ತು? ನೀವೇ ಹೇಳಿ."

ಅವಳ ಮಾತಿನಲ್ಲಿ ತಪ್ಪು ಹುಡುಕಲು ಡಾಕ್ಟರು ಮೂರು ದಿನ ಒದ್ದಾಡಿದರು. ತಪ್ಪು ಸಿಗಲಿಲ್ಲ, ನೆಮ್ಮದಿಯೂ ಸಿಗಲಿಲ್ಲ. ನಾಲ್ಕನೆಯ ದಿನ, ಶಾಲೆಗೆ ಹೆಂಚು ನೋಡಿ ಬರುತ್ತೇನೆಂದು ಹೇಳಿ, ಬೆಳಗಿನ ಬಸ್ಸಿಗೆ ಆನವಟ್ಟಿಗೆ ಹೊರಟರು.

ಗಣಪಯ್ಯ ಸಭ್ಯರು. ಬೀಗರಾಗುವವರು ಹೇಳದೆ ಕೇಳದೆ ಬಂದದ್ದಕ್ಕೆ ಗಾಬರಿಯಾದರೂ ತೋರಿಸಿಕೊಳ್ಳಲಿಲ್ಲ. ಡಾಕ್ಟರು ಪೀಠಿಕೆಯಿಲ್ಲದೆ ವಿಷಯ ಹೇಳಿ ತೋಳು ಮಡಿಸಿ ತೋರಿಸಿದರು. ಗಣಪಯ್ಯ ಕನ್ನಡಕ ಹಾಕಿಕೊಂಡು ನೋಡಿದರು.

"ಹುಡುಗಿಗೆ?"

"ಇಲ್ಲ. ನಾನೇ ನೋಡಿದೀನಿ."

"ಮುಂದೆ ಅವಳಿಗೆ ಬರೋದಿಲ್ಲ ಅಂತ ಡಾಕ್ಟರಾಗಿ ಹೇಳ್ತೀರಾ?"

ಹೌದು ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತೇನೋ. ಡಾಕ್ಟರು, "ಬರೋ ಸಂಭವ ತೀರಾ ಕಡಿಮೆ. ಬರೋದೇ ಇಲ್ಲ ಅನ್ನೋಕಾಗಲ್ಲ," ಎಂದರು.

ಒಳಗಿನಿಂದ ಕಾಫಿ ಬಂತು. ಗಣಪಯ್ಯ ಲೋಟವನ್ನು ತಾವೇ ತೆಗೆದು ಅತಿಥಿಗೆ ಕೊಟ್ಟರು. ಕೈಗೆ ಕೈ ತಾಗದಂತೆ ಕೊಟ್ಟರು.

"ನೀವು ದೊಡ್ಡ ಮನುಷ್ಯರು ಡಾಕ್ಟರೇ. ಇನ್ನೊಬ್ಬರಾಗಿದ್ರೆ ಹೇಳ್ತಿರಲಿಲ್ಲ," ಎಂದು ಬಸ್ಸಿನವರೆಗೂ ಬಂದು ಕಳಿಸಿದರು.

ಆರನೆಯ ದಿನ ಅವರ ಕಾಗದ ಬಂತು. ಅಂಚೆಯವನ ಕೈಯಿಂದ ತೆಗೆದುಕೊಂಡವಳು ಸತ್ಯವತಿ. ಆನವಟ್ಟಿಯ ಮುದ್ರೆ ನೋಡಿ ಆಸೆಯಿಂದ ಒಡೆದಳು. 'ತಮ್ಮ ಆರೋಗ್ಯದ ವಿಷಯ ತಿಳಿದು ಮನಸ್ಸಿಗೆ ಬಹಳ ನೋವಾಯಿತು' ಎಂದು ಶುರುವಾಗಿ, ಈ ಸಂಬಂಧ ಮುಂದುವರಿಸುವುದು ಬೇಡ ಎಂದು ಮುಗಿದಿತ್ತು. ಓದಿ ಮುಗಿಸಿ, ಕಾಗದ ಹಿಡಿದುಕೊಂಡೇ ಷಾಪಿಗೆ ಬಂದಳು. ರೋಗಿಯೊಬ್ಬ ಎದ್ದು ಹೋಗುವವರೆಗೆ ನಿಂತಿದ್ದಳು.

"ಅಪ್ಪಾ, ಇದು ಯಾರ ಮದುವೆ?"

ಡಾಕ್ಟರು ಕಾಗದ ನೋಡಿ ತಲೆ ತಗ್ಗಿಸಿದರು. "ಸುಳ್ಳಿನ ಮೇಲೆ ನಿನ್ನ ಸಂಸಾರ ಶುರುವಾಗೋದು ಬೇಡ ಅಂತ..."

"ಹೇಳಿದ್ದು ತಪ್ಪು ಅಂತ ನಾನು ಅನ್ನಲಿಲ್ಲ. ಅಮ್ಮನಿಗೆ ಗೊತ್ತಿತ್ತು. ಹೊರಗಿನ ಗಣಪಯ್ಯನವರಿಗೂ ಗೊತ್ತಾಯ್ತು. ನನಗೆ ರಕ್ತ ಕಡಿಮೆ ಅಂದ್ರಿ."

ಅವಳು ಆಮೇಲೆ ತಿಂಗಳೊಪ್ಪತ್ತು ತಂದೆಯ ಜೊತೆ ಮಾತಾಡಲಿಲ್ಲ. ಊಟ ಬಡಿಸುತ್ತಿದ್ದಳು, ಕರೆದರೆ ಬರುತ್ತಿದ್ದಳು; ಮಾತು ಮಾತ್ರ ಇರಲಿಲ್ಲ.

ಸುದ್ದಿ ಆನವಟ್ಟಿಯಿಂದ ಶಿಕಾರಿಪುರಕ್ಕೆ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಷಾಪಿನ ಬೆಂಚು ಬರಿದಾಗತೊಡಗಿತು. ಹನುಮಂತಪ್ಪ ಒಬ್ಬನೇ ಕೂತು ಸೀಸೆಗಳನ್ನು ಒರೆಸಿದ್ದನ್ನೇ ಒರೆಸುತ್ತಿದ್ದ. ಒಂದು ಸಂಜೆ ಕಟ್ಟಡ ಸಮಿತಿಯ ಅಧ್ಯಕ್ಷ, ಬಟ್ಟೆ ವ್ಯಾಪಾರದ ಉಸ್ಮಾನ್ ಸಾಬ್ ಮನೆಗೆ ಬಂದರು. ವಾಗ್ದೇವಿ ತಂದ ಚಹಾ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, "ನನಗೇನೂ ಇಲ್ಲ ಡಾಕ್ಟರೇ, ನೋಡಿದ್ರಲ್ಲ. ಆದ್ರೆ ಹೆಣ್ಣುಮಕ್ಕಳ ಸ್ಕೂಲು. ಜನ ಒಂದೊಂದು ಮಾತಾಡ್ತಾರೆ. ಸ್ವಲ್ಪ ದಿನ ನೀವು..." ಎಂದು ನಿಲ್ಲಿಸಿದರು. ಡಾಕ್ಟರು ಒಳಗೆ ಹೋಗಿ ರಾಜೀನಾಮೆ ಬರೆದು ತಂದುಕೊಟ್ಟರು. ಉಸ್ಮಾನ್ ಸಾಬ್ ಅದನ್ನು ಓದದೆ ಮಡಿಸಿ ಜೇಬಿಗಿಟ್ಟುಕೊಂಡರು. ಹೊರಡುವಾಗ ಅವರ ಕಣ್ಣು ಒದ್ದೆಯಾಗಿತ್ತು.

ಉಳಿದದ್ದು ಗುರುವಾರ. ಅಲ್ಲಿಗಾದರೂ ನಾನು ಬೇಕು ಎಂಬ ಹಟದಲ್ಲಿ ಡಾಕ್ಟರು ಸೊರಬದ ಬಸ್ಸು ಹತ್ತುತ್ತಿದ್ದರು.

ಅಂಥ ಒಂದು ಗುರುವಾರ ಕುಪ್ಪಗಡ್ಡೆಯ ರಾಜೇಶ್ವರಮ್ಮ ಬಂದಳು. ಒಂದು ವರ್ಷದಿಂದ ಬರುತ್ತಿದ್ದವಳು, ಮೂರು ಮಕ್ಕಳ ತಾಯಿ. ಮೈತುಂಬ ಮಚ್ಚೆಯಿದ್ದು ಈಗ ಇಳಿಯುತ್ತಿತ್ತು. ಆ ದಿನ ಅವಳ ಮುಖ ಬಾಡಿತ್ತು. ಗುಳಿಗೆ ಬೇಡ ಎನ್ನುತ್ತಿದ್ದಳು. ಧೈರ್ಯ ಬರಲಿ ಎಂದು ಡಾಕ್ಟರು ತೋಳು ಮಡಿಸಿದರು. "ನೋಡಮ್ಮ, ನನಗೂ ಇದೆ. ನಾನೂ ಅದೇ ಗುಳಿಗೆ ತಿಂತಿದೀನಿ. ಹೆದರಿದೀನಾ?"

ರಾಜೇಶ್ವರಮ್ಮ ಆ ಕೈಯನ್ನೇ ನೋಡುತ್ತ ಕೂತಳು.

"ನಿಮಗೆ ಎಲ್ಲಿಂದ ಬಂತು?"

ಡಾಕ್ಟರು ಷರ್ಟಿನ ತೋಳು ಕೆಳಗಿಳಿಸಿದರು.

"ನಮ್ಮಿಂದ ಬಂತು ಅಲ್ದಾ? ಅಂಟೂದಿಲ್ಲ ಅಂದಿದ್ರಿ ನೀವು. ನಿಮ್ಮ ಮಾತು ನಂಬಿ ನಾನು ಮಕ್ಕಳನ್ನ ಮಗ್ಗುಲಲ್ಲೇ ಮಲಗಿಸ್ಕಂಡೆ."

ಅವಳು ಜಗಳ ಆಡುವವಳಂತೆ ಹೇಳಲಿಲ್ಲ. ಕೈಯಲ್ಲಿದ್ದ ಹಳೆಯ ಕೊಡವನ್ನು ನೆಲಕ್ಕಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸರ್ವರ್ ಬೀ ಬಂದು ಅವಳ ಪಕ್ಕದಲ್ಲಿ ಕೂತಳು.

ಆರು ವರ್ಷ ಹೇಳಿದ ಮಾತನ್ನು ಡಾಕ್ಟರು ಮೊದಲ ಸಲ ಕಿವಿಯಿಟ್ಟು ಕೇಳಿಸಿಕೊಂಡರು. ಕೆಲವು ಬಗೆಯ ಕುಷ್ಠ ಅಂಟುತ್ತದೆ, ಬಹಳ ನಿಧಾನಕ್ಕೆ, ಬಹಳ ಕಡಿಮೆ ಜನಕ್ಕೆ. ಅವರಿಗೆ ಅದು ಗೊತ್ತಿತ್ತು. ಆದರೆ 'ಅಪರೂಪಕ್ಕೆ ಅಂಟುತ್ತೆ' ಎಂದರೆ ಜನರ ಕಿವಿಗೆ 'ಅಂಟುತ್ತೆ' ಎಂಬುದಷ್ಟೇ ಬೀಳುತ್ತದೆ ಎಂದು, ಅರ್ಧ ಮಾತನ್ನು ತಾವೇ ನುಂಗಿಕೊಂಡಿದ್ದರು. ಇವರಿಗೆ ಇಷ್ಟು ಗೊತ್ತಾದರೆ ಸಾಕು ಎಂದು ಅವರೇ ತೀರ್ಮಾನಿಸಿದ್ದರು. ಮಗಳ ವಿಷಯದಲ್ಲೂ ಮಾಡಿದ್ದು ಅದನ್ನೇ.

"ನಾನು ಪೂರ್ತಿ ಹೇಳಲಿಲ್ಲ ರಾಜೇಶ್ವರಮ್ಮ. ತಪ್ಪಾಯ್ತು," ಎಂದರು. "ಅಪರೂಪಕ್ಕೆ ಅಂಟುತ್ತೆ. ಔಷಧಿ ತಿಂತಾ ಇದ್ರೆ ಅದೂ ನಿಲ್ಲುತ್ತೆ. ನೀನು ಗುಳಿಗೆ ಬಿಡಬೇಡ. ಮಕ್ಕಳನ್ನ ನಾನೇ ಬಂದು ನೋಡ್ತೀನಿ."

ಅಂದು ಬಂದಿದ್ದ ಹನ್ನೊಂದು ಜನಕ್ಕೂ ಅದೇ ಮಾತು ಹೇಳಿದರು. ಇಬ್ಬರು ಮತ್ತೆಂದೂ ಬರಲಿಲ್ಲ.

ಮರುದಿನ ಕುಪ್ಪಗಡ್ಡೆಗೆ ಹೋದರೆ ಇನ್ನೊಂದು ಕಷ್ಟ ಎದುರಾಯಿತು. ಗಂಡುಮಕ್ಕಳು ಅಂಗಿ ಬಿಚ್ಚಿ ನಿಂತರು. ಮನೆಯ ಹೆಂಗಸರು, ಹುಡುಗಿಯರು ಬಾಗಿಲ ಹಿಂದಿನಿಂದ ಹೊರಗೇ ಬರಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತಾಗ ವಾಗ್ದೇವಿಗೆ ಇದನ್ನೆಲ್ಲ ಹೇಳಿದರು. ಸಾರು ಬಡಿಸುತ್ತಿದ್ದ ಸತ್ಯವತಿ ಸೌಟು ಹಿಡಿದು ನಿಂತಳು.

"ಹೆಂಗಸರನ್ನ ನೋಡೋದು ಹೇಗೆ ಅಂತ ನನಗೆ ಹೇಳಿಕೊಡಿ."

ಅಷ್ಟು ದಿನದ ಮೇಲೆ ಅವಳಾಡಿದ ಮೊದಲ ಮಾತು ಅದು.

"ನಿನಗೇನು ತಲೆ ಕೆಟ್ಟಿದ್ಯಾ? ಮದುವೆ ಆಗಬೇಕಾದ ಹುಡುಗಿ," ಎಂದಳು ವಾಗ್ದೇವಿ.

"ಮನೇಲಿ ಕೂತಿದ್ರೆ ಯಾರು ಬರ್ತಾರಮ್ಮ ಈಗ?" ಎಂದು ಸತ್ಯವತಿ ತಂದೆಯ ಕಡೆ ತಿರುಗಿದಳು. "ಮೊದಲು ನನ್ನನ್ನೇ ಸರಿಯಾಗಿ ನೋಡಿ. ಏನು ನೋಡ್ತಿದೀರಿ ಅಂತ ಹೇಳ್ತಾ ನೋಡಿ."

ಡಾಕ್ಟರು ಊಟದ ನಡುವೆಯೇ ಎದ್ದು ಕೈ ತೊಳೆದರು. ಹತ್ತಿ ಹೇಗೆ ಹೊಸೆಯಬೇಕು, ಎಲ್ಲಿ ಮುಟ್ಟಬೇಕು, ನರ ಎಲ್ಲಿ ಸಿಗುತ್ತದೆ ಎಲ್ಲ ಹೇಳಿಕೊಟ್ಟರು. ಆಮೇಲೆ ಅವಳು ತಾಯಿಯನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ನೋಡಿದಳು. ಮನೆಯಲ್ಲಿ ಬೇರೆ ಯಾರಿಗೂ ಏನೂ ಇರಲಿಲ್ಲ.

ಮುಂದಿನ ಗುರುವಾರ ಸೊರಬದ ಬಸ್ಸಿನಲ್ಲಿ ಸತ್ಯವತಿ ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು, ಡಾಕ್ಟರು ಹಿಂದೆ. ಇಡೀ ದಾರಿ ಅವಳು ತಿರುಗಿ ನೋಡಲಿಲ್ಲ. ಸರ್ವರ್ ಬೀ ತನ್ನ ಮನೆಯ ಒಳಕೋಣೆಗೆ ಪರದೆ ಕಟ್ಟಿಕೊಟ್ಟಳು. ಮಧ್ಯಾಹ್ನದೊಳಗೆ ಏಳು ಜನ ಹೆಂಗಸರು ಬಂದುಹೋದರು. ತಿಂಗಳಾಗುವುದರಲ್ಲಿ ತಂದೆ ಮಗಳು ಊರೂರಿಗೆ ಹೋಗತೊಡಗಿದರು. ರಾಜೇಶ್ವರಮ್ಮನ ಎರಡನೆಯ ಮಗಳ ತೊಡೆಯ ಮೇಲೆ ಸಣ್ಣದೊಂದು ಮಚ್ಚೆ ಕಂಡವಳು ಸತ್ಯವತಿಯೇ. ಆರು ವರ್ಷದ ಹುಡುಗಿ. ಆ ದಿನ ಡಾಕ್ಟರು ಮನೆಗೆ ಬಂದು ಕತ್ತಲಾಗುವವರೆಗೆ ಜಗಲಿಯ ಉದ್ದಕ್ಕೂ ಓಡಾಡಿದರು. ಹುಡುಗಿಗೆ ಗುಳಿಗೆ ಶುರುಮಾಡಿದರು. ಎರಡು ವರ್ಷಕ್ಕೆ ಮಚ್ಚೆ ಮಾಸಿತು. ಅವರ ಓಡಾಟ ನಿಲ್ಲಲಿಲ್ಲ.

ಶಿಕಾರಿಪುರದ ಜನ ಒಮ್ಮೆಲೇ ವಾಪಸು ಬರಲಿಲ್ಲ. ಮೊದಲು ಉಡುತಡಿ ಕಡೆಯ ರೈತರು ಬಂದರು, ಬೇರೆ ಡಾಕ್ಟರು ದೂರವಿದ್ದುದರಿಂದ. ಆಮೇಲೆ ಪೇಟೆಯವರು, ಮಗುವಿಗೆ ಜ್ವರ ಏರಿದಾಗ. ಸಮಿತಿಗೆ ಅವರನ್ನು ಮತ್ತೆ ಯಾರೂ ಕರೆಯಲಿಲ್ಲ. ಶಾಲೆ ತೆರೆದ ದಿನ ಉಸ್ಮಾನ್ ಸಾಬ್ ತಾವೇ ಬಂದು ಕರೆದುಕೊಂಡು ಹೋಗಿ ಎರಡನೆಯ ಸಾಲಿನಲ್ಲಿ ಕೂರಿಸಿದರು.

1959ರ ಚಳಿಗಾಲದಲ್ಲಿ ಸಾಗರದಿಂದ ಇನ್ನೊಂದು ಸಂಬಂಧ ಬಂತು. ಹುಡುಗ ಹೈಸ್ಕೂಲು ಮೇಷ್ಟ್ರು. ಡಾಕ್ಟರು ಯಾವ ಮಾತಿನಿಂದ ಶುರುಮಾಡಬೇಕೆಂದು ಯೋಚಿಸುತ್ತಿರುವಾಗಲೇ ಸತ್ಯವತಿ ಹುಡುಗನಿಗೇ ಕಾಗದ ಬರೆದು ಅಂಚೆಡಬ್ಬಿಗೆ ಹಾಕಿ ಬಂದಿದ್ದಳು.

"ಏನು ಬರೆದೆ?"

"ಇರೋದನ್ನ. ನಿಮ್ಮದು, ನನ್ನದು, ನಾನು ಮಾಡ್ತಿರೋ ಕೆಲಸ. ಮದುವೆ ಆದ ಮೇಲೂ ಬಿಡಲ್ಲ ಅಂತಲೂ ಬರೆದೆ."

"ನನಗೆ ಒಂದು ಸಲ ತೋರಿಸಬಹುದಿತ್ತು."

"ತೋರಿಸಬಹುದಿತ್ತು," ಎಂದಳು ಅವಳು. ಅಷ್ಟೇ ಹೇಳಿ ಒಳಗೆ ಹೋದಳು.

ಹದಿನೆಂಟು ದಿನ ಉತ್ತರ ಬರಲಿಲ್ಲ. ಡಾಕ್ಟರು ದಿನಾ ಏನಾದರೊಂದು ನೆಪ ಹುಡುಕಿ ಪೋಸ್ಟಾಫೀಸಿನ ಮುಂದೆ ಹಾದು ಬಂದರು. ಹತ್ತೊಂಬತ್ತನೆಯ ದಿನ ಬಂದ ಲಕೋಟೆಯ ಮೇಲೆ ಸತ್ಯವತಿಯ ಹೆಸರಿತ್ತು. ಅದನ್ನು ಅಂಗೈ ಮೇಲೆ ಇಟ್ಟುಕೊಂಡು, ದಾರಿಯಲ್ಲಿ ಎರಡು ಸಲ ನಿಂತು, ಒಡೆಯದೆ ಮನೆಗೆ ತಂದು ಅವಳ ಕೈಗೆ ಕೊಟ್ಟರು. ಅವಳು ಕಿಟಕಿಯ ಹತ್ತಿರ ನಿಂತು ನಿಧಾನವಾಗಿ ಓದಿದಳು.

"ಅವರು ಮೊದಲು ಕೆಲಸ ನೋಡಬೇಕಂತೆ. ಬರೋ ಗುರುವಾರ ಸೊರಬಕ್ಕೆ ಬರ್ತಾರಂತೆ," ಎಂದಳು.

"ನಾನು ಅವತ್ತು ಇರಲಾ, ಬೇಡವಾ?"

"ಇರಿ," ಎಂದಳು ಸತ್ಯವತಿ, ಕಾಗದ ಮಡಿಸುತ್ತ. "ಗಂಡಸರನ್ನ ಯಾರು ನೋಡ್ತಾರೆ ಮತ್ತೆ?"