ಜಿರಾಫೆಯ ಎದುರು ರಿವರ್ಸ್ ಗೇರ್

ಪೂಜೆಯಾದ ಗಾಡಿಯ ಹಾರವನ್ನು ಕೈಯಿಂದ ತೆಗೆಯಬಾರದು, ಅದು ತಾನಾಗಿಯೇ ಉದುರಬೇಕು ಎಂದು ಸರೋಜಾ ಆಂಟಿ ಹೇಳಿದಾಗ ಅನಸೂಯ ಸುಮ್ಮನೆ ತಲೆಯಾಡಿಸಿದ್ದಳು. ಅವಳ ಚಿತ್ತವೆಲ್ಲ ಗಂಡನ ಕೈಲಿದ್ದ ಕೀ ಮೇಲಿತ್ತು.

ಬೆಳಿಗ್ಗೆ ದೇವಸ್ಥಾನದಲ್ಲಿ ಹೊಸ ವ್ಯಾನಿನ ಚಕ್ರಗಳಡಿ ನಿಂಬೆಹಣ್ಣು ಒಡೆಸಿ, ಅವರು ಅಲ್ಲಿಂದ ನೇರ ಬ್ರಾಜಸ್ ನದಿಯ ದಂಡೆಯ ಸಫಾರಿ ಪಾರ್ಕಿಗೆ ಬಂದಿದ್ದರು. ಆಫ್ರಿಕಾದ ಪ್ರಾಣಿಗಳು ಅಲ್ಲಿ ಟೆಕ್ಸಸ್ಸಿನ ಬಿಸಿಲಿಗೆ ಒಗ್ಗಿಕೊಂಡು, ದೊಡ್ಡ ಬೇಲಿಯೊಳಗೆ ಆರಾಮಾಗಿ ಅಡ್ಡಾಡಿಕೊಂಡಿದ್ದವು. ಜನ ತಮ್ಮ ಕಾರಿನಲ್ಲೇ ಅವುಗಳ ನಡುವೆ ಮೆಲ್ಲಗೆ ಹಾದುಹೋಗಬೇಕು, ಇಳಿಯುವಂತಿಲ್ಲ. ತಮ್ಮ ಊರು ಪ್ಲೇನೋದಿಂದ ಇಲ್ಲಿಯವರೆಗೆ ಗಂಡ ರಘುನಂದನ ಡ್ರೈವ್ ಮಾಡಿದ್ದ. ಗೇಟಿನಲ್ಲಿ ಗಂಡಹೆಂಡಿರ ಸೀಟು ಅದಲುಬದಲಾಯಿತು.

ಅದು ಕರಾರು. ಸೋಮವಾರ ರಿಚರ್ಡ್‌ಸನ್ ಊರಿನ ಯೂನಿವರ್ಸಿಟಿಯಲ್ಲಿ ಅನಸೂಯಳ ಮೊದಲ ಕ್ಲಾಸು. ಮೈಸೂರಿನಲ್ಲಿ ಭೂವಿಜ್ಞಾನ ಓದಿದವಳು, ಮದುವೆಯಾಗಿ ಬಂದ ಮೇಲೆ ಅಪಾರ್ಟ್‌ಮೆಂಟಿನ ಕಾರ್ಪೆಟ್ಟಿಗೆ ವ್ಯಾಕ್ಯೂಮ್ ಎಳೆಯುತ್ತ ಕಾಲ ತಳ್ಳಿದವಳು, ಮತ್ತೆ ಕಲ್ಲುಗಳ ಬಳಿಗೆ ಹೋಗುವ ದಿನ. ರಘುವಿನ ಆಫೀಸು ಇನ್ನೊಂದು ದಿಕ್ಕಿಗೆ, ಮನೆಗೆ ಇದೊಂದೇ ಗಾಡಿ. ಲೈಸೆನ್ಸ್ ಏನೋ ಸಿಕ್ಕಿತ್ತು, ಟೆಸ್ಟಿನಲ್ಲಿ ಎರಡು ಸಲ ರಿವರ್ಸ್ ಹೋಗುವಾಗ ಕೋನ್ ಬೀಳಿಸಿದ ಮೇಲೆ. ಆ ಕೋನುಗಳ ಕಥೆಯನ್ನು ರಘು ಗೆಳೆಯರ ಪ್ರತಿ ಪಾಟ್‌ಲಕ್ ಊಟದಲ್ಲೂ ಬಡಿಸುತ್ತಿದ್ದ.

"ಸಫಾರಿ ಪೂರ್ತಿ ನೀನೇ ಹೊಡಿ, ಅನು," ಎಂದಿದ್ದ. "ಮಧ್ಯದಲ್ಲಿ ನಾನು ಸ್ಟೀರಿಂಗ್ ಹಿಡಿಯೋ ಪರಿಸ್ಥಿತಿ ಬರ್ಲಿಲ್ಲ ಅಂದ್ರೆ ಸೋಮವಾರ ಕೀ ನಿಂದು. ಬಂದ್ರೆ ಮುಂದಿನ ಸೆಮಿಸ್ಟರ್ ನೋಡೋಣ."

ಹಿಂದಿನ ಸೀಟಿನಲ್ಲಿ ಫ್ಲವರ್ ಮೌಂಡ್ ಊರಿನ ಬಸಲಿಂಗಪ್ಪ ಅಂಕಲ್ಲೂ ಅವರ ಹೆಂಡತಿ ಸರೋಜಾ ಆಂಟಿಯೂ ಇದ್ದರು. ಧಾರವಾಡದಿಂದ ಹುಬ್ಬಳ್ಳಿಯ ಮೆಡಿಕಲ್ ಕಾಲೇಜಿಗೆ ಬಸ್ಸಿನ ಫುಟ್‌ಬೋರ್ಡ್ ಮೇಲೆ ನಿಂತು ಓಡಾಡಿ ಡಾಕ್ಟರಾದವರು ಅಂಕಲ್.

ಕಬ್ಬಿಣದ ಸರಳುಗಳನ್ನು ಜೋಡಿಸಿದ ಜಾಲರಿಯನ್ನು ವ್ಯಾನು ಗಡಗಡ ದಾಟಿತು. ಪ್ರಾಣಿಗಳ ಗೊರಸು ಅದನ್ನು ದಾಟಲಾರದು. ಅಲ್ಲಿಂದ ಮುಂದೆ ಅವುಗಳ ರಾಜ್ಯ. ನದಿಗೆ ಅಂಟಿಕೊಂಡ ಕಿರಿದಾದ ದಾರಿ. ಬಲಕ್ಕೆ ಇಳಿಜಾರು, ಕೆಳಗೆ ಕಂದು ನೀರು. ಮೊದಲು ಒಂದು ಜೀಬ್ರಾ ಬಂತು. ಹಿಂದಿನ ಕಾರಿನವರು ಚಾಚಿದ ಮೇವನ್ನು ಬಿಟ್ಟು ನೇರ ವ್ಯಾನಿನ ಮೂತಿಗೆ ಬಾಯಿಟ್ಟಿತು. ಹಿಂದೆಯೇ ಆಸ್ಟ್ರಿಚ್, ಮಹಾ ಅವಸರದ ಅಧಿಕಾರಿಯ ಹಾಗೆ.

"ಏನ್ ಪಾಪ್ಯುಲರ್ ಆಗೀವ್ರಿ ನಾವು!" ಎಂದರು ಅಂಕಲ್.

"ನಮ್ಮನ್ನಲ್ರಿ, ಚೆಂಡುಹೂವಿನ ಹಾರ ನೋಡಿ ಬಂದಾವ!" ಎಂದು ಆಂಟಿ ಕಿರುಚಿದರು.

ಅಷ್ಟರಲ್ಲಿ ಮುಂದಿನ ಗಾಜಿನ ತುಂಬ ಜಿರಾಫೆಯ ಕುತ್ತಿಗೆ. ಅದು ಆಕಾಶದಿಂದ ಕಂತು ಕಂತಾಗಿ ಇಳಿದು ಬಂದು, ನೀಲಿ ನಾಲಿಗೆಯಿಂದ ಹಾರದ ತುದಿಯನ್ನು ಸುತ್ತಿಕೊಂಡಿತು. ಎದುರಿನಿಂದ ಪಾರ್ಕಿನ ಪಿಕಪ್ ಬಂದು ನಿಂತಿತು. ಹ್ಯಾಟಿನ ಹೆಂಗಸೊಬ್ಬಳು ಮೈಕಿನಲ್ಲಿ ಹೇಳಿದಳು: ಹೂವು ತಿಂದರೆ ಚಿಂತೆಯಿಲ್ಲ, ದಾರ ನುಂಗಿದರೆ ಅದರ ಹೊಟ್ಟೆಗೆ ಅಪಾಯ. ಇಲ್ಲಿ ಇಳಿದರೆ ಒದೆಯುತ್ತದೆ. ನಾನು ಮೇವಿನ ಬಕೆಟ್ ಅಲ್ಲಾಡಿಸುತ್ತೇನೆ. ಅದು ಬಾಯಿ ಬಿಟ್ಟ ಕೂಡಲೇ ಜಾಲರಿಯ ಆಚೆಗೆ ರಿವರ್ಸ್ ಹೋಗಿ.

ರಿವರ್ಸ್! ಅನಸೂಯ ಕನ್ನಡಿಯಲ್ಲಿ ಹಿಂದಿನ ದಾರಿ ನೋಡಿದಳು. ರಘು ಆಗಲೇ ಬೆಲ್ಟ್ ಬಿಚ್ಚಿದ್ದ.

"ಅನು, ಈ ಕಡೆ ಸರಿ. ಒಳಗಿಂದಾನೇ ಸೀಟ್ ಬದಲಾಯಿಸೋಣ."

"ಬೇಡ ರೀ. ಬೆಲ್ಟ್ ಹಾಕ್ಕೊಳ್ಳಿ."

"ತಮಾಷೆ ಅಲ್ಲಮ್ಮ, ಪಕ್ಕದಲ್ಲಿ ನದಿ ಇದೆ!"

"ನಂಗೂ ಕಾಣ್ತಾ ಇದೆ. ಹಾಕ್ಕೊಳ್ಳಿ."

ಹಿಂದಿದ್ದ ಕಾರುಗಳು ಮೈಕಿನ ಮಾತು ಕೇಳಿ ಒಂದೊಂದಾಗಿ ಹಿಂದೆ ಸರಿದವು. ಬಕೆಟ್ ಗಲಗಲ ಸದ್ದು ಮಾಡಿತು. ಜಿರಾಫೆ ಹಾರ ಬಿಟ್ಟು ತಲೆ ಎತ್ತಿತು. ಅನಸೂಯ ಗೇರ್ ಹಾಕಿದಳು.

"ಎಡಕ್ಕೆ! ಅಲ್ಲ, ಬಲಕ್ಕೆ! ಅಯ್ಯೋ, ಹಿಂದಿನ ಎಡಕ್ಕೆ!" ರಘು ಕೂಗಿದ.

"ರಘು, ಒಂದು ಹೇಳು, ಇಲ್ಲಾ ಸುಮ್ಮನ ಕೂಡು," ಎಂದರು ಆಂಟಿ.

ಆಗ ವ್ಯಾನಿನ ಮೈಮೇಲೆ ದಬದಬ ಬಡಿತ ಕೇಳಿಸಿತು. ಬಸಲಿಂಗಪ್ಪ ಅಂಕಲ್ ಕಿಟಕಿಯಿಂದ ಅರ್ಧ ಹೊರಗೆ ವಾಲಿ, ಹೊಸ ಪೇಂಟನ್ನು ಲೆಕ್ಕಿಸದೆ ಅಂಗೈಯಿಂದ ತಗಡು ಬಡಿಯುತ್ತಿದ್ದರು. "ಬರ್ಲಿ... ಬರ್ಲಿ... ಬರ್ಲಿ... ಬರ್ಲಿ!"

ಅನಸೂಯಳ ಭುಜ ತಾನಾಗಿ ಸಡಿಲವಾಯಿತು. ಮೈಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನ ಈ ಕೂಗಿಗೆ ಬಸ್ಸು ಗೋಡೆಗೆ ಗುದ್ದಿದ್ದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ ಹಿಂಚಕ್ರವನ್ನೂ ದಾರಿಯ ಅಂಚನ್ನೂ ನೋಡಿದಳು. ಬಡಿತ ಚುರುಕಾದರೆ ಚುರುಕು, ನಿಧಾನವಾದರೆ ನಿಧಾನ.

"ಸ್ವಲ್ಪ ಕಟ್ ಮಾಡವ್ವಾ... ಹಾಂ, ಸೀದಾ ತಗೋ... ಬರ್ಲಿ... ಬರ್ಲಿ..."

ಒಮ್ಮೆ ಹಿಂಚಕ್ರ ಅಂಚಿನ ಜಲ್ಲಿಯನ್ನು ಕರಕರ ಅರೆಯಿತು. ಇದು ಸುಣ್ಣಕಲ್ಲು ಎಂದು ಅವಳ ಯಾವುದೋ ಮೂಲೆ ಗುರುತಿಸಿತು. ಸ್ಟೀರಿಂಗ್ ಕೊಂಚ ತಿರುಗಿಸಿದಳು. ಚಕ್ರ ದಾರಿಗೆ ಮರಳಿತು. ಕೆಳಗೆ ಜಾಲರಿ ಗಡಗಡ ಎಂದಿತು.

"ಹೋಲ್ಡಾನ್!"

ನಿಂತಳು. ಸರಿದು ನಿಂತಿದ್ದ ಟೆಕ್ಸಸ್ಸಿನ ಕಾರುಗಳಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅಂಕಲ್ ಅವರತ್ತ ಕೈಬೀಸಿ "ರೈಟ್ ರೈಟ್!" ಎಂದಾಗ, ಅವರಿಗೆ ಏನು ತಿಳಿಯಿತೋ, ಹಾರ್ನ್ ಹೊಡೆದರು. ಸರೋಜಾ ಆಂಟಿ ಇಳಿದು, ದಾರ ಬಿಚ್ಚಿ, ಉಳಿದ ಹೂಗಳನ್ನು ಬಿಡಿಸಿ, ಹಿಂದೆಯೇ ಬಂದ ಪಿಕಪ್ಪಿನವಳ ಕೈಗೆ ಸುರಿದರು. "ತಾನಾಗಿ ಉದುರಬೇಕು ಅಂದಿದ್ರಿ?" ಎಂದು ಅಂಕಲ್ ಕಾಲೆಳೆದರು. "ಅರ್ಧ ದೇವರಿಗೆ ಆತು, ಅರ್ಧ ಜಿರಾಫಿಗೆ. ನಿಮಗೇನ್ರಿ ತ್ರಾಸು?" ಎಂದರು ಆಂಟಿ.

ಅನಸೂಯ ಮತ್ತೆ ಅದೇ ದಾರಿಯಲ್ಲಿ ವ್ಯಾನು ನಡೆಸಿದಳು. ಹೂವಿಲ್ಲದ ಗಾಡಿಯತ್ತ ಜೀಬ್ರಾ ತಿರುಗಿಯೂ ನೋಡಲಿಲ್ಲ. ರಘು ನದಿ ನೋಡುತ್ತ ಕೂತಿದ್ದ. ಮುಖದಲ್ಲಿ ನಗು ಬರಲೋ ಬೇಡವೋ ಎನ್ನುತ್ತಿತ್ತು. ಹೊರಹೋಗುವ ಗೇಟು ಬಂತು.

"ಇಲ್ಲೇ ನಿಲ್ಸು, ನಾನು ತಗೋತೀನಿ," ಎಂದ.

ಅವಳು ಇಂಡಿಕೇಟರ್ ಹಾಕಿ ಹೈವೇಗೆ ತಿರುಗಿಸಿದಳು. "ಸೋಮವಾರ ಬೇಗ ರೆಡಿ ಆಗಿ ರೀ. ನಿಮ್ಮನ್ನ ಆಫೀಸಿಗೆ ಬಿಟ್ಟು ನಾನು ಕ್ಲಾಸಿಗೆ ಹೋಗ್ಬೇಕು. ಲೇಟ್ ಮಾಡಿದ್ರೆ ಬಿಟ್ಟು ಹೋಗ್ತೀನಿ."

ರಘು ಜೋರಾಗಿ ನಕ್ಕುಬಿಟ್ಟ. ಎದುರಿಗೆ ದಾರಿ ಬಿಸಿಲಿನಲ್ಲಿ ಮಿನುಗುತ್ತ ಡ್ಯಾಲಸ್ಸಿನ ಕಡೆ ಬಿದ್ದುಕೊಂಡಿತ್ತು, ಅವಳು ಆಕ್ಸಿಲರೇಟರ್ ಒತ್ತಿದಳು.