ಇಲ್ಲೊಂದು ಬಾಗಿಲಿತ್ತು

ಮೂರನೇ ಸಲವೂ ಸ್ಟ್ರೆಚರ್ ಬಚ್ಚಲಿನ ಮೂಲೆಗೆ ತಗಲಿ ನಿಂತಿತು.

"ಎಡಕ್ಕೆ ತಿರುಗ್ಸಿ... ಅಯ್ಯೋ, ನಿಮ್ಮ ಎಡಕ್ಕಲ್ಲ, ನನ್ನ ಎಡಕ್ಕೆ!" ಎಂದು ಶವ ಸಾಗಿಸುವ ವ್ಯಾನಿನ ಚಾಲಕ ಕೂಗಿದ. ಪುಣ್ಯಕ್ಕೆ ಸ್ಟ್ರೆಚರ್ ಖಾಲಿಯಿತ್ತು. ದೊಡ್ಡಮ್ಮ ಇನ್ನೂ ಒಳಕೋಣೆಯಲ್ಲಿ ತನ್ನ ಮಂಚದ ಮೇಲೆಯೇ ಮಲಗಿದ್ದಳು.

ದೊಡ್ಡಮ್ಮನ ತಂಗಿಯ ಮಗಳು ತಲೆ ತಗ್ಗಿಸಿ ನಿಂತಿದ್ದಳು. ಗಾರೆ ಕೆಲಸದವಳು ಅವಳು. ಈ ಮೂಲೆಯನ್ನು ಕಟ್ಟಿದ್ದೂ ಅವಳೇ. ಮಂಡಿನೋವಿನ ದೊಡ್ಡಮ್ಮನಿಗೆ ಹತ್ತಿರವಾಗಲಿ ಎಂದು ಹೋದ ವರ್ಷ ಮನೆಯೊಳಗಿನ ಓಣಿಯಲ್ಲೇ ಬಚ್ಚಲು ಎಬ್ಬಿಸಿದ್ದಳು. ಜನ ನಡೆದು ಹೋಗುವ ಲೆಕ್ಕ ಹಾಕಿದ್ದಳೇ ಹೊರತು ಮಲಗಿ ಹೋಗುವ ಲೆಕ್ಕ ಹಾಕಿರಲಿಲ್ಲ.

"ನೆಟ್ಟಗೆ ನಿಲ್ಲಿಸ್ಕೊಂಡು ತಂದ್ಬಿಡೋಣ್ವಾ?" ಎಂದ ಚಾಲಕ.

"ನಮ್ಮ ದೊಡ್ಡಮ್ಮನ್ನ ಏನು ಬೀರು ಅಂದ್ಕೊಂಡ್ರಾ?" ಎಂದಳು ಅವಳು.

ಬಾಗಿಲಲ್ಲಿ ನಿಂತಿದ್ದವರಲ್ಲಿ ಒಬ್ಬಿಬ್ಬರು ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು. ಅಷ್ಟರಲ್ಲಿ ಮಾವ ಬಂದ. ದೊಡ್ಡಮ್ಮನ ಒಬ್ಬನೇ ತಮ್ಮ. ಮೂವತ್ತು ವರ್ಷ ಕಟ್ಟಡಗಳ ನಕ್ಷೆ ಬರೆದವನು. ಓಣಿಯನ್ನು ಕಣ್ಣಲ್ಲೇ ಅಳೆದ. ಒಳಕೋಣೆಗೆ ಹೋಗಿ ಬೀದಿ ಕಡೆಯ ಗೋಡೆಯ ಮುಂದೆ ನಿಂತ. ಇಡೀ ಮನೆಯಲ್ಲಿ ಬಣ್ಣ ಕಾಣದ ಗೋಡೆ ಅದೊಂದೇ. ಅದರ ಮೇಲೆ ಇದ್ದಿಲಿನಿಂದ ಬಾಗಿಲಿನಷ್ಟು ದೊಡ್ಡ ಚೌಕ ಗೀಚಿತ್ತು.

"ಸುತ್ತಿಗೆ ಎಲ್ಲಿಟ್ಟಿದೀಯ?" ಎಂದು ಅವಳನ್ನು ಕೇಳಿದ.



*

ಬಸ್ಸಿನ ಕಂಡಕ್ಟರ್ ಕೆಲಸದಿಂದ ನಿವೃತ್ತಳಾದ ವಾರದಲ್ಲೇ ದೊಡ್ಡಮ್ಮ ಈ ಮನೆಯ ಬೀಗ ಒಡೆಸಿದ್ದಳು. ಇಪ್ಪತ್ತು ವರ್ಷ ಮುಚ್ಚಿದ್ದ ಅಜ್ಜನ ಮನೆ. ಒಳಗೆ ಕಾಲಿಟ್ಟೊಡನೆ ಹೆಗ್ಗಣಗಳು ದಿಕ್ಕಾಪಾಲಾದವು. "ಮುಂದೆ ಹೋಗಿ, ಮುಂದೆ ಹೋಗಿ, ಜಾಗ ಇದೆ!" ಎಂದು ಅವುಗಳನ್ನು ಅಟ್ಟಿದಳು. ತಂಗಿಯ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆ ನಗುವಿನ ಭರದಲ್ಲೇ "ನಾನೂ ಇಲ್ಲೇ ಇರ್ತೀನಿ ದೊಡ್ಡಮ್ಮ" ಎಂದುಬಿಟ್ಟಿದ್ದಳು. ಮೂರು ವರ್ಷ ಇಬ್ಬರೂ ಹೆಂಚು ಬದಲಿಸಿದರು, ನೆಲ ಹಾಸಿದರು, ನಲ್ಲಿಯಲ್ಲಿ ನೀರು ಬಂದ ದಿನ ಒಬ್ಬರಿಗೊಬ್ಬರು ಎರಚಾಡಿದರು. ಅಷ್ಟು ಸಂತೋಷವಾಗಿ ಅವಳು ಬೇರೆ ಯಾವ ಮನೆಯಲ್ಲೂ ಕೆಲಸ ಮಾಡಿರಲಿಲ್ಲ.

ಮಾವ ಮಾತ್ರ ಬಂದು ಚಹಾ ಕುಡಿದು ಹೋಗುತ್ತಿದ್ದ. "ಮಾರ್ಬಿಡೋಣ ಅಕ್ಕ, ಯಾಕೆ ಮೈಮೇಲೆ ಎಳ್ಕೋತೀಯ?" ಎನ್ನುತ್ತಿದ್ದ.

"ಇಲ್ಲೊಂದು ಬಾಗಿಲಿತ್ತು ಕಣೋ. ನೇರ ಬೀದಿಗಿಳೀತಿತ್ತು. ನೀನಾಗ ತೊಟ್ಟಿಲಲ್ಲಿದ್ದೆ" ಎಂದು ದೊಡ್ಡಮ್ಮ ಒಂದು ದಿನ ಒಳಕೋಣೆಯ ಗೋಡೆಯ ಮೇಲೆ ಇದ್ದಿಲಿನಿಂದ ಚೌಕ ಗೀಚಿ ತೋರಿಸಿದ್ದಳು.

"ಇರ್ಲಿಲ್ಲ ಅಕ್ಕ. ಗೋಡೆ ನೋಡಿದ್ರೆ ನಂಗೆ ಗೊತ್ತಾಗಲ್ವಾ?"

"ಹಾಗಾದ್ರೆ ಪಂದ್ಯ ಕಟ್ಟು. ಬಾಗಿಲು ಸಿಕ್ಕಿದ್ರೆ ಬಾಡಿಗೆ ಮನೆ ಬಿಟ್ಟು ಇಲ್ಲಿಗೆ ಬಂದಿರ್ಬೇಕು. ಸಿಗ್ಲಿಲ್ವೋ, ಮಾರ್ಕೋ, ನಾನು ತುಟಿಪಿಟಕ್ ಅನ್ನಲ್ಲ. ಆದ್ರೆ ಮೊದಲನೇ ಏಟು ನಿಂದೇ."

ಮಾವ ಸುತ್ತಿಗೆ ಮುಟ್ಟಲಿಲ್ಲ. ದೊಡ್ಡಮ್ಮನೂ ಬೇರೆಯವರಿಗೆ ಮುಟ್ಟಗೊಡಲಿಲ್ಲ. ಅವಳಿಗೆ ಬೇಕಾಗಿದ್ದುದು ಬಾಗಿಲಲ್ಲ, ತಮ್ಮ.

*

ಮಾವನ ಮೊದಲ ಏಟಿಗೆ ಗೋಡೆಯ ಗಿಲಾವು ತಟ್ಟೆಯಗಲ ಕಳಚಿ ಬಿತ್ತು. ಮಂಚವನ್ನು ಆಚೆ ಮೂಲೆಗೆ ಸರಿಸಿ ದೊಡ್ಡಮ್ಮನಿಗೆ ಧೂಳು ತಾಗದಂತೆ ದುಪ್ಪಟಿ ಹೊದಿಸಿದ್ದರು. ಅಳುತ್ತಿದ್ದವರು ಮೂಗು ಒರೆಸಿಕೊಂಡು ಹತ್ತಿರ ಬಂದರು. ಪಂದ್ಯದ ಸಂಗತಿ ಗೊತ್ತಿದ್ದ, ದೊಡ್ಡಮ್ಮನ ಬಸ್ ಡಿಪೋದ ಹಳಬರೆಲ್ಲ ಅಂಗಿಯ ತೋಳು ಮಡಚಿದರು.

"ಬಾಗಿಲು ಸಿಕ್ತಾ?"

"ತಾಳ್ರಪ್ಪ, ಇನ್ನೂ ಗಿಲಾವೇ ಉದುರ್ತಾ ಇದೆ!"

ತಂಗಿಯ ಮಗಳು ಏಣಿ ಹತ್ತಿ ಚೌಕದ ಮೇಲ್ಗೆರೆಯನ್ನು ಕೆತ್ತಿದಳು. ಬಾಗಿಲಿದ್ದರೆ ಅದರ ತಲೆಯ ಮೇಲೆ ಒಂದು ಅಡ್ಡಪಟ್ಟಿ ಇರಲೇಬೇಕು. ಇರಲಿಲ್ಲ. ಪಕ್ಕದ ಅಂಚು ಕೆತ್ತಿದಳು. ಮುಚ್ಚಿದ ಬಾಗಿಲಾದರೆ ಅಲ್ಲೊಂದು ನೇರ ಸಂದು ಕಾಣಬೇಕು. ಇಟ್ಟಿಗೆಗಳು ಒಂದರೊಳಗೊಂದು ಹೆಣೆದುಕೊಂಡು ಗೋಡೆಯ ಈ ತುದಿಯಿಂದ ಆ ತುದಿಗೆ ಹೋಗಿದ್ದವು. ಇಲ್ಲಿ ಎಂದೂ ಬಾಗಿಲಿರಲಿಲ್ಲ.

ಪಂದ್ಯ ಸೋತಾಯಿತು. ಮನೆ ಹೋಯಿತು. ಕೆಳಗೆ ನೋಡಿದಳು. ಮಾವನೂ ಅದೇ ಇಟ್ಟಿಗೆಗಳನ್ನು ನೋಡುತ್ತಿದ್ದ. ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಮ್ಮೆ ಮಂಚದ ಕಡೆ ತಿರುಗಿದ.

"ಬಾಗಿಲಿತ್ತು!" ಎಂದು ಮಾವ ಕೂಗಿದ. "ಮೇಲಿನ ಪಟ್ಟಿ ಗೆದ್ದಲು ತಿಂದ್ಹಾಕಿದೆ, ಅಷ್ಟೇ. ಹಿತ್ತಲಲ್ಲಿರೋ ತೊಲೆ ತನ್ನಿ!"

ಕೋಣೆಯಲ್ಲಿ ಹೋ ಎಂದು ಸದ್ದೆದ್ದಿತು. "ನಾನು ಹೇಳ್ಲಿಲ್ವಾ, ಕಂಡಕ್ಟರಮ್ಮ ಸುಳ್ಳು ಹೇಳೋ ಪೈಕಿನೇ ಅಲ್ಲ!" ಎಂದು ಒಬ್ಬರು ಇನ್ನೊಬ್ಬರ ಬೆನ್ನು ತಟ್ಟಿದರು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದವು. ಮೇಲ್ಗಡೆ ಸಾಲು ಕೊರೆದು ತೊಲೆ ಕೂರಿಸಿ ಬೆಣೆ ಬಿಗಿದಳು. ಆಮೇಲೆ ಕೆಳಗಿನ ಇಟ್ಟಿಗೆಗಳನ್ನು ಕಿತ್ತು ಕೈಯಿಂದ ಕೈಗೆ ದಾಟಿಸಿದರು. ಎರಡು ತಾಸಿನಲ್ಲಿ ಬೀದಿಯ ಬಿಸಿಲು ದಡಕ್ಕನೆ ಒಳಗೆ ಬಂತು.

ದೊಡ್ಡಮ್ಮ ಮಲಗಿಕೊಂಡೇ ನೇರವಾಗಿ ಬೀದಿಗಿಳಿದಳು. ಅವಳ ಜೊತೆ ಹನ್ನೆರಡು ವರ್ಷ ಬಸ್ಸು ಓಡಿಸಿದ್ದ ಮುದುಕ ವ್ಯಾನಿನ ಬೆನ್ನಿಗೆ ಎರಡು ಸಲ ತಟ್ಟಿ, "ರೈಟ್!" ಎಂದ. ವ್ಯಾನು ಹೊರಟಿತು.

ಸ್ಮಶಾನದಲ್ಲಿ ಎಲ್ಲ ಮುಗಿಸಿ ಮರಳಿದಾಗ ಮಾವ ಕಾಣಲಿಲ್ಲ. ತಂಗಿಯ ಮಗಳು ಹುಡುಕಿಕೊಂಡು ಒಳಕೋಣೆಗೆ ಬಂದಳು.

ಅವನು ಒಡೆದ ಗೋಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಬಿಳಿ ಅಂಗಿಯ ತೋಳೆಲ್ಲ ಸಿಮೆಂಟು. ಕತ್ತರಿಸಿದ ಇಟ್ಟಿಗೆಗಳ ಕೆಂಪು ತುದಿಗಳು ಹಲ್ಲಿನ ಸಾಲಿನಂತೆ ಹೊರಗೆ ಕಾಣುತ್ತಿದ್ದವು; ಹಳೆಯ ಬಾಗಿಲಿನ ಅಂಚು ಹಾಗಿರುವುದಿಲ್ಲ. ಬರಿಗೈಯಲ್ಲಿ ಗಾರೆ ಬಾಚಿ ಬಾಚಿ ಅವಸರದಿಂದ ಅವುಗಳ ಮೇಲೆ ಮೆತ್ತುತ್ತಿದ್ದ.

"ಡಿಪೋದವರು ಬಾಗಿಲು ನೋಡ್ಬೇಕಂತೆ, ಬರ್ತಾ ಇದಾರೆ" ಎಂದ, ತಲೆ ಎತ್ತದೆ.

ಅವಳು ಗಾರೆ ಬಳಿಯುವ ಕರಣೆ ತೆಗೆದುಕೊಂಡು ಎದುರಿನ ಅಂಚಿಗೆ ಕೂತಳು.